ಮಲ್ಲಿಗೆಯ ಅಣುವೂ ಪ್ರಾಧ್ಯಾಪಕನ ಆಯುಷ್ಯವೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಸೀಮೆಯಲ್ಲಿ ಒಬ್ಬ ವಿದ್ಯಾರ್ಥಿ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಗಳಿಸಿದನೆಂದರೆ ಮನೆಯ ಕಟ್ಟೆಯ ಮೇಲೆ ನಡೆಯುವ ಮಾತು ಎರಡೇ ಎರಡು: ಡಾಕ್ಟರಿಕೆ, ಇಲ್ಲವೆ ಇಂಜಿನಿಯರಿಂಗು. ರಸಾಯನಶಾಸ್ತ್ರವೆಂಬುದು ಆ ಎರಡು ಬಾಗಿಲುಗಳ ಮುಂದೆ ತೆರಬೇಕಾದ ಸುಂಕವೆಂದೇ ತಂದೆತಾಯಿಗಳೂ ಮಕ್ಕಳೂ ಭಾವಿಸಿದ್ದಾರೆ. ಸುಂಕ ತೆತ್ತಾದ ಮೇಲೆ ಆ ಶಾಸ್ತ್ರದ ಕಡೆಗೆ ತಿರುಗಿ ನೋಡುವವರು ವಿರಳ. ಎರಡು ಬಾಗಿಲುಗಳೂ ತೆರೆಯದಿದ್ದಾಗ ಬಿ.ಎಸ್ಸಿ. ಸೇರುವುದು, ಅಲ್ಲಿಯೂ ‘ಬೇರೆ ಏನೂ ಸಿಗಲಿಲ್ಲ’ ಎಂಬ ಕೊರಗಿನಿಂದಲೇ ಪುಸ್ತಕ ಬಿಚ್ಚುವುದು, ಇದು ಈ ಭಾಗದ ವಾಡಿಕೆ. ರಸಾಯನಶಾಸ್ತ್ರವನ್ನು ಇಡೀ ಆಯುಷ್ಯದ ಕಾಯಕವನ್ನಾಗಿ ಆರಿಸಿಕೊಂಡ ಒಬ್ಬ ಪ್ರಾಧ್ಯಾಪಕನ ಬದುಕು ಎಂಥದು, ಆತ ದಿನವಿಡೀ ಏನು ಮಾಡುತ್ತಾನೆ, ಅದರಿಂದ ಯಾರಿಗೆ ಏನು ಪ್ರಯೋಜನ ಎಂಬ ಪ್ರಶ್ನೆಗಳನ್ನು ಇಲ್ಲಿಯ ಶಾಲೆಗಳಲ್ಲಿ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಈ ಮೌನ ಸೀಮೆಗೆ ಬಹಳ ನಷ್ಟವನ್ನು ಉಂಟುಮಾಡಿದೆ ಎಂಬುದು ವಿಚಾರವಂತರು ಒಪ್ಪಬೇಕಾದ ಮಾತು.

ರಸಾಯನಶಾಸ್ತ್ರದ ಶಾಖೆಗಳಲ್ಲಿ ಸಂಶ್ಲೇಷಣಾ ಸಾವಯವ ರಸಾಯನಶಾಸ್ತ್ರವು ಹೆಸರು ಕೇಳಿದೊಡನೆ ಭಯ ಹುಟ್ಟಿಸುವಂಥದು. ಆದರೆ ಅದರ ತಿರುಳು ರೈತನಿಗೂ ಬಡಗಿಗೂ ಸುಲಭವಾಗಿ ಅರ್ಥವಾಗುವಂತಿದೆ. ಗಿಡಮರಗಳು, ಪ್ರಾಣಿಗಳು ತಮ್ಮ ಒಡಲಿನಲ್ಲಿ ಇಂಗಾಲದ ಪರಮಾಣುಗಳನ್ನು ಸರಪಳಿಯಾಗಿ, ಉಂಗುರವಾಗಿ ಜೋಡಿಸಿ ಸಾವಿರಾರು ದ್ರವ್ಯಗಳನ್ನು ನಿರ್ಮಿಸುತ್ತವೆ. ಅದೇ ದ್ರವ್ಯವನ್ನು, ಅಥವಾ ಅದಕ್ಕಿಂತ ಉತ್ತಮವಾದುದನ್ನು, ಸರಳವಾದ ಮೂಲದ್ರವ್ಯಗಳಿಂದ ಹಂತಹಂತವಾಗಿ ಗಾಜಿನ ಪಾತ್ರೆಯಲ್ಲಿ ಕಟ್ಟುವುದೇ ಸಂಶ್ಲೇಷಣೆ. ಜೀವಿಗಳಿಂದ ಮಾತ್ರ ದೊರೆಯುವುದೆಂದು ಎಲ್ಲರೂ ನಂಬಿದ್ದ ಯೂರಿಯವನ್ನು 1828ರಲ್ಲಿ ಜರ್ಮನಿಯ ವ್ಯೋಲರ್ ನಿರ್ಜೀವ ಲವಣದಿಂದ ಪಡೆದನು. ಇಂದು ಮುಂಗಾರು ಬಂದೊಡನೆ ಇಲ್ಲಿಯ ರೈತರು ಸೊಸೈಟಿಯ ಮುಂದೆ ಸಾಲುಗಟ್ಟಿ ನಿಂತು ತರುವ ಗೊಬ್ಬರ ಅದೇ ಯೂರಿಯ.

ಹೇಳುವುದು ಸುಲಭ, ಕಟ್ಟುವುದು ಕಷ್ಟ. ಒಂದು ಅಣುವನ್ನು ಹದಿನೈದು ಹಂತಗಳಲ್ಲಿ ಕಟ್ಟಬೇಕಾಗಿದೆಯೆಂದು ಭಾವಿಸೋಣ. ಪ್ರತಿಯೊಂದು ಹಂತದಲ್ಲಿಯೂ ನೂರಕ್ಕೆ ಎಂಬತ್ತರಷ್ಟು ಇಳುವರಿ ಬಂದರೆ ಅದು ಹೆಮ್ಮೆ ಪಡುವಂಥ ಕೆಲಸವೇ ಸರಿ. ಆದರೆ ಹದಿನೈದನೆಯ ಹಂತ ಮುಗಿಯುವ ವೇಳೆಗೆ ನೂರು ಪಾಲಿನಲ್ಲಿ ಉಳಿಯುವುದು ಮೂರೂವರೆ ಪಾಲು ಮಾತ್ರ. ಪ್ರತಿ ಹಂತದ ಇಳುವರಿಯನ್ನು ತೊಂಬತ್ತಕ್ಕೆ ಏರಿಸಿದರೆ ಕೊನೆಗೆ ಇಪ್ಪತ್ತು ಪಾಲು ಕೈಗೆ ಬರುತ್ತದೆ. ಆ ಹತ್ತರ ವ್ಯತ್ಯಾಸಕ್ಕಾಗಿ ವರ್ಷಗಟ್ಟಲೆ ದ್ರಾವಕ ಬದಲಿಸಿ, ಉಷ್ಣತೆ ಬದಲಿಸಿ, ಕ್ರಿಯಾಕಾರಕ ಬದಲಿಸಿ ಮತ್ತೆ ಮತ್ತೆ ಅದೇ ಪ್ರಯೋಗವನ್ನು ಮಾಡುವವನೇ ಸಂಶ್ಲೇಷಣಾ ರಸಾಯನಜ್ಞ. ಮಳೆ ನಂಬಿ ಬಿತ್ತುವವರ ಸೀಮೆಗೆ ಈ ಬಗೆಯ ತಾಳ್ಮೆ ಹೊಸದೇನಲ್ಲ.

ಕರ್ನಾಟಕದಲ್ಲಿ ಈ ವಿದ್ಯೆಗೆ ನೂರು ವರ್ಷಗಳನ್ನು ಮೀರಿದ ಪರಂಪರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 1909ರಲ್ಲಿ ಸ್ಥಾಪಿತವಾಗಿ 1911ರಲ್ಲಿ ಪಾಠ ಆರಂಭಿಸಿದಾಗ ಇದ್ದ ಬೆರಳೆಣಿಕೆಯ ವಿಭಾಗಗಳಲ್ಲಿ ಸಾವಯವ ರಸಾಯನಶಾಸ್ತ್ರವೂ ಒಂದು. ಅದರ ಮೊದಲ ಪ್ರಾಧ್ಯಾಪಕರು ಸಡ್‌ಬರೋ ಎಂಬುವರು. 1914ರಲ್ಲಿ ಮಹಾಯುದ್ಧ ಆರಂಭವಾಗಿ, ಜರ್ಮನಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧದ ಕೊರಡುಗಳು ಗೋದಾಮುಗಳಲ್ಲಿಯೇ ಉಳಿದಾಗ, ಸಡ್‌ಬರೋ ಮತ್ತು ಅವರ ಸಹೋದ್ಯೋಗಿ ವಾಟ್ಸನ್ ಗಂಧದ ಎಣ್ಣೆಯನ್ನು ಇಲ್ಲಿಯೇ ಬಟ್ಟಿ ಇಳಿಸುವ ಕ್ರಮವನ್ನು ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಮೈಸೂರು ಸ್ಯಾಂಡಲ್ ಸಾಬೂನಿನ ಹಿಂದೆ ಪ್ರಯೋಗಶಾಲೆಯ ಗಾಜಿನ ಬುರುಡೆಯೊಂದು ಇದ್ದಿತೆಂಬುದನ್ನು ಆ ಸಾಬೂನಿನಿಂದ ಮೀಯುವವರಲ್ಲಿ ಬಹುಮಂದಿ ಅರಿಯರು.

ಸಡ್‌ಬರೋ ಅವರ ತರುವಾಯ 1925ರಿಂದ 1928ರವರೆಗೆ ಆ ಪೀಠದಲ್ಲಿದ್ದವರು ಜಾನ್ ಲಯೊನೆಲ್ ಸೈಮನ್‌ಸನ್. ಇವರು ಮೊದಲು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದರಾಸು ಪ್ರಾಂತ್ಯಕ್ಕೇ ಸೇರಿದ್ದವೆಂಬುದನ್ನು ಇಲ್ಲಿ ನೆನೆಯಬೇಕು. ಎಂದರೆ, ಭಾರತದಲ್ಲಿ ಸಾವಯವ ರಸಾಯನದ ಸಂಶೋಧನೆಗೆ ಅಡಿಗಲ್ಲು ಹಾಕಿದವರಲ್ಲೊಬ್ಬರು ಪಾಠ ಹೇಳುತ್ತಿದ್ದ ಕಾಲೇಜು ಈ ಸೀಮೆಯ ರಾಜಧಾನಿಯ ಕಾಲೇಜೇ ಆಗಿದ್ದಿತು. ಆದರೆ ದೂರ ಬಹಳ, ಖರ್ಚು ಬಹಳ; ಅಲ್ಲಿಗೆ ಹೋಗಬಲ್ಲವರು ವಕೀಲಿಯ ಕಡೆಗೋ ಸರ್ಕಾರಿ ನೌಕರಿಯ ಕಡೆಗೋ ಮುಖ ಮಾಡುತ್ತಿದ್ದರು. ಬಳ್ಳಾರಿಯಲ್ಲಿ ವೀರಶೈವ ಕಾಲೇಜು ಆರಂಭವಾದುದು 1945ರಲ್ಲಿ. ಅಲ್ಲಿಯವರೆಗೆ ಕಾಲೇಜು ಮೆಟ್ಟಿಲೆಂಬುದು ಈ ತಾಲ್ಲೂಕುಗಳ ಬಡ ಮಕ್ಕಳಿಗೆ ಕನಸಿನ ಮಾತಾಗಿದ್ದಿತು.

ಸೈಮನ್‌ಸನ್ ಅವರು 1920ರಲ್ಲಿ ಹಿಮಾಲಯದ ಚೀರ್ ಪೈನ್ ಮರದ ಟರ್ಪೆಂಟೈನಿನಲ್ಲಿ ಒಂದು ಹೊಸ ದ್ರವ್ಯವನ್ನು ಕಂಡರು. ಅದಕ್ಕೆ ಲಾಂಗಿಫೋಲೀನ್ ಎಂದು ಹೆಸರಾಯಿತು. ಹದಿನೈದು ಇಂಗಾಲ, ಇಪ್ಪತ್ತನಾಲ್ಕು ಜಲಜನಕ, ಇಷ್ಟೇ ಅದರ ಬಂಡವಾಳ. ಆದರೆ ಆ ಮೂವತ್ತೊಂಬತ್ತು ಪರಮಾಣುಗಳು ಹೇಗೆ ಜೋಡಣೆಗೊಂಡಿವೆಯೆಂಬುದು ಮೂವತ್ತಕ್ಕೂ ಹೆಚ್ಚು ವರ್ಷ ಯಾರಿಗೂ ಬಿಡಿಸಲಾಗದ ಒಗಟಾಗಿ ಉಳಿಯಿತು. ಈ ಒಗಟಿನೊಡನೆ ತನ್ನ ಹೆಸರನ್ನು ಬೆಸೆದುಕೊಂಡ ಪ್ರಾಧ್ಯಾಪಕ ಸುಖದೇವ್ ಅವರ ವೃತ್ತಿಜೀವನವು ಇಲ್ಲಿಯ ವಿದ್ಯಾರ್ಥಿಗಳು ವಿಶೇಷವಾಗಿ ಅರಿಯಬೇಕಾದುದು.

ಸುಖದೇವ್ ಕನ್ನಡಿಗರಲ್ಲ. 1923ರಲ್ಲಿ ಪಂಜಾಬಿನ ಚಕ್ವಾಲದಲ್ಲಿ ಹುಟ್ಟಿದವರು. ಯೌವನದಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದು, ಸೈಮನ್‌ಸನ್ ಅವರ ಅನಂತರ ಆ ವಿಭಾಗವನ್ನು ಬೆಳೆಸಿದ ಪ್ರಫುಲ್ಲಚಂದ್ರ ಗುಹಾ ಅವರಲ್ಲಿ ಸಂಶೋಧನೆಗೆ ತೊಡಗಿದರು. 1947ರಲ್ಲಿ ದೇಶ ಇಬ್ಭಾಗವಾಗಿ ಅವರು ಹುಟ್ಟಿದ ಊರು ಪಾಕಿಸ್ತಾನಕ್ಕೆ ಸೇರಿತು. ಬೆಂಗಳೂರಿನಲ್ಲಿಯೇ ನಿಂತು ಅವರು 1950ರ ದಶಕದುದ್ದಕ್ಕೂ ಅಲ್ಲಿ ಅಧ್ಯಾಪನ, ಸಂಶೋಧನೆ ನಡೆಸಿದರು. ಇಂದಿನ ವಿದ್ಯಾರ್ಥಿಗೆ ದೊರೆಯುವ ಉಪಕರಣಗಳು ಆಗ ಇರಲಿಲ್ಲ. ಒಂದು ಅಣುವಿನ ರೂಪವನ್ನು ಅರಿಯಬೇಕಾದರೆ ಅದನ್ನು ಒಡೆಯಬೇಕು, ಒಡೆದ ಚೂರುಗಳನ್ನು ಗುರುತಿಸಬೇಕು, ಊಹಿಸಿದ ರೂಪವನ್ನು ಹೊಸದಾಗಿ ಕಟ್ಟಿ ಎರಡನ್ನೂ ಹೋಲಿಸಿ ನೋಡಬೇಕು. ಕನ್ನಡಿಗರು ಹಿತ್ತಲಿನ ಕಳೆಯೆಂದು ಕಿತ್ತೆಸೆಯುವ ಕಾಡುಶುಂಠಿಯ ಎಣ್ಣೆಯಲ್ಲಿರುವ ಜೆರುಂಬೋನ್ ಎಂಬ ದ್ರವ್ಯದ ರಚನೆಯನ್ನು ಅವರು ಬಿಡಿಸಿದರು. ಲಾಂಗಿಫೋಲೀನಿನ ರಚನೆ 1953ರಲ್ಲಿ ಕ್ಷ-ಕಿರಣಗಳ ನೆರವಿನಿಂದ ವಿದೇಶಗಳಲ್ಲಿ ಸ್ಪಷ್ಟವಾಯಿತು. ಆದರೆ ಆ ಅಣು ಆಮ್ಲದಲ್ಲಿ ಹೇಗೆ ಮೈಮುರಿದು ಬೇರೆ ರೂಪ ತಾಳುತ್ತದೆ, ಯಾವ ಕ್ರಿಯಾಕಾರಕಕ್ಕೆ ಹೇಗೆ ಓಗೊಡುತ್ತದೆ ಎಂಬ ಅಧ್ಯಯನವನ್ನು ಸುಖದೇವ್ ದಶಕಗಳ ಕಾಲ ಬಿಡಲಿಲ್ಲ. 1981ರಲ್ಲಿಯೂ ಅವರು ಅದೇ ಅಣುವಿನ ಕುರಿತು ಅಂತರರಾಷ್ಟ್ರೀಯ ಪತ್ರಿಕೆಗೆ ಸಮೀಕ್ಷಾ ಲೇಖನ ಬರೆದರೆಂಬುದು ಗಮನಾರ್ಹ. ಬೆಂಗಳೂರಿನ ತರುವಾಯ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಅಲ್ಲಿಂದ 1974ರಲ್ಲಿ ಬರೋಡದ ಬಳಿಯ ಸಂಶೋಧನಾ ಕೇಂದ್ರ, ಹೀಗೆ ಸ್ಥಳ ಬದಲಾದರೂ ಕೆಲಸದ ನೆಲೆ ಬದಲಾಗಲಿಲ್ಲ.

ಲಾಂಗಿಫೋಲೀನನ್ನು ಮೊದಲ ಬಾರಿಗೆ ಸಂಪೂರ್ಣವಾಗಿ ಸಂಶ್ಲೇಷಿಸಿದವರು ಅಮೆರಿಕದ ಕೋರಿ. 1961ರ ಆ ಲೇಖನದಲ್ಲಿರುವ ನಾಲ್ಕು ಹೆಸರುಗಳಲ್ಲಿ ಎರಡು, ವಟಕೆಂಚೇರಿ ಮತ್ತು ಮಿತ್ರ, ಭಾರತೀಯರವು. ಕೋರಿ ಅವರಿಗೆ 1990ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಬೇಕಾದ ಅಣುವಿನಿಂದ ಆರಂಭಿಸಿ ಹಿಂದಕ್ಕೆ ಹಿಂದಕ್ಕೆ ಯೋಚಿಸುತ್ತಾ ಸುಲಭ ಮೂಲದ್ರವ್ಯದವರೆಗೆ ಹೋಗುವ ವಿಚಾರಕ್ರಮಕ್ಕೆ ಅವರು ಶಾಸ್ತ್ರದ ರೂಪ ಕೊಟ್ಟರು. ಗುಹಾ ಅವರ ಪ್ರಯೋಗಶಾಲೆಯಲ್ಲಿ ಬೆಳೆದ ಶಶಾಂಕಚಂದ್ರ ಭಟ್ಟಾಚಾರ್ಯ ಅವರು 1962ರಲ್ಲಿಯೂ ಸುಖದೇವ್ ಅವರು 1964ರಲ್ಲಿಯೂ ಭಾಟ್ನಾಗರ್ ಪಾರಿತೋಷಕ ಪಡೆದರು. ಒಂದೇ ಪ್ರಯೋಗಶಾಲೆಯ ಇಬ್ಬರಿಗೆ ಮೂರು ವರ್ಷಗಳೊಳಗೆ ದೇಶದ ಅತ್ಯುನ್ನತ ವಿಜ್ಞಾನ ಗೌರವ! ಅದೇ ಪ್ರಯೋಗಶಾಲೆ ಕರ್ನಾಟಕದ ನೆಲದ ಮೇಲಿದ್ದಿತು. ಆದರೂ ಅದರ ಹೆಸರನ್ನು ಈ ಸೀಮೆಯ ಪಠ್ಯಗಳಲ್ಲಾಗಲಿ ಭಾಷಣಗಳಲ್ಲಾಗಲಿ ಕೇಳುವುದು ಅಪರೂಪ. ಅದೇ ವಿಭಾಗದಲ್ಲಿ ಮುಂದೆ ಕೆಲಸ ಮಾಡಿದ ಎಂ. ವಿ. ಭಟ್ ಅವರು ಈಥರುಗಳನ್ನು ಸೀಳುವ ವಿಧಾನಗಳ ಕುರಿತು 1983ರಲ್ಲಿ ಸಹಲೇಖಕರೊಡನೆ ಪ್ರಕಟಿಸಿದ ಸಮೀಕ್ಷೆಯನ್ನು ಹೊರದೇಶಗಳ ರಸಾಯನಜ್ಞರು ಕೈಪಿಡಿಯಂತೆ ಬಳಸಿದರು. ಇಲ್ಲಿಯ ಪದವಿ ವಿದ್ಯಾರ್ಥಿಗೆ ಅದರ ಸುಳಿವೇ ಇಲ್ಲ.

ಸುಖದೇವ್ ಅವರ ಕೆಲಸದಲ್ಲಿ ಗುಗ್ಗುಳದ ಪ್ರಕರಣವನ್ನು ಪ್ರತ್ಯೇಕವಾಗಿ ಹೇಳಬೇಕು. ಆಯುರ್ವೇದವು ಮೇದೋರೋಗಕ್ಕೆ ಹೇಳಿದ ಈ ಅಂಟಿನ ಕುರಿತು 1966ರಲ್ಲಿ ಕಾಶಿಯ ವಿಶ್ವವಿದ್ಯಾಲಯದಲ್ಲಿ ಜಿ. ವಿ. ಸತ್ಯವತಿ ಅವರು ಪ್ರಯೋಗಗಳನ್ನು ನಡೆಸಿ, ರಕ್ತದ ಕೊಬ್ಬಿನ ಮೇಲೆ ಅದರ ಪರಿಣಾಮವನ್ನು ತೋರಿಸಿದರು. ಸುಖದೇವ್ ಮತ್ತು ಸಂಗಡಿಗರು ಅದರ ಸಕ್ರಿಯ ದ್ರವ್ಯಗಳನ್ನು ಬೇರ್ಪಡಿಸಿ ರಚನೆಯನ್ನು ನಿರ್ಧರಿಸಿದರು. ಲಖನೌದ ಔಷಧ ಸಂಶೋಧನಾ ಸಂಸ್ಥೆಯ ಸಹಯೋಗದಿಂದ ಅದು 1980ರ ದಶಕದಲ್ಲಿ ಔಷಧವಾಗಿ ಹೊರಬಂದಿತು. ಆದರೆ 2003ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯೊಂದರಲ್ಲಿ ಅದು ಅಲ್ಲಿಯ ರೋಗಿಗಳ ಕೊಲೆಸ್ಟರಾಲನ್ನು ಇಳಿಸಲಿಲ್ಲ. ಪೂರ್ವಿಕರು ಹೇಳಿದ್ದೆಲ್ಲವೂ ಸತ್ಯವೆನ್ನುವವರಿಗೂ ಎಲ್ಲವೂ ಸುಳ್ಳೆನ್ನುವವರಿಗೂ ಈ ಕಥೆ ಪೂರ್ತಿ ಹಿಡಿಸಲಾರದು. ಅಣುವನ್ನು ಶುದ್ಧವಾಗಿ ಕೈಯಲ್ಲಿ ಹಿಡಿದ ಮೇಲೆಯೇ ಇಂಥ ವಾದಗಳಿಗೆ ತೀರ್ಪು ದೊರೆಯಲು ಸಾಧ್ಯ. ಆ ಹಿಡಿಯುವ ಕೆಲಸವೇ ಈ ಪ್ರಾಧ್ಯಾಪಕರದು.

ಇಷ್ಟೆಲ್ಲ ಕೇಳಿದ ಮೇಲೂ ‘ಇದರಿಂದ ಹಡಗಲಿಯ ಹೂವಾಡಿಗನಿಗೆ ಏನು?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಪ್ರಶ್ನೆ ಒರಟಾದರೂ ನ್ಯಾಯವಾದುದು. ಉತ್ತರಕ್ಕೆ ನೀಲಿಯ ಕಥೆಯಿಂದ ಆರಂಭಿಸಬೇಕು. ಭಾರತದ ಹೊಲಗಳಲ್ಲಿ ಬೆಳೆದ ನೀಲಿಯ ಬಣ್ಣ ಒಂದು ಕಾಲಕ್ಕೆ ಲೋಕದ ಬಟ್ಟೆಗಳನ್ನೆಲ್ಲ ಅದ್ದುತ್ತಿದ್ದಿತು. ಜರ್ಮನಿಯ ಬೇಯರ್ ಎಂಬ ಪ್ರಾಧ್ಯಾಪಕ ವರ್ಷಗಳ ಶ್ರಮದಿಂದ ಆ ಬಣ್ಣದ ಅಣುವನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ, 1883ರ ವೇಳೆಗೆ ಅದರ ರಚನೆಯನ್ನೂ ಬಿಡಿಸಿದನು. 1897ರಲ್ಲಿ ಅಲ್ಲಿಯ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದಿತು. ಒಂದೆರಡು ದಶಕಗಳೊಳಗೆ ಭಾರತದ ನೀಲಿಯ ಬೇಸಾಯ ನೆಲಕಚ್ಚಿತು. 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದಾಗ ಕಂಡ ರೈತರ ಸಂಕಟದ ಹಿಂದೆ ತೋಟದ ದೊರೆಗಳ ಕ್ರೌರ್ಯದ ಜೊತೆಗೆ, ಧಾರಣೆ ಕುಸಿದ ನಷ್ಟವನ್ನು ಒಕ್ಕಲಿನ ಮೇಲೆ ಹೊರಿಸುವ ಅವರ ಹವಣಿಕೆಯೂ ಇದ್ದಿತು. ಗಾಂಧೀಜಿಯ ಚಿತಾಭಸ್ಮದ ಸ್ಮಾರಕವನ್ನು ತನ್ನ ನಡುವೆ ಇಟ್ಟುಕೊಂಡಿರುವ ಕೂಡ್ಲಿಗಿ, ಆ ಹೋರಾಟದ ರಸಾಯನಶಾಸ್ತ್ರವನ್ನೂ ತನ್ನ ಮಕ್ಕಳಿಗೆ ಹೇಳಿಕೊಟ್ಟರೆ ತಪ್ಪಾಗಲಾರದು.

ಈಗ ಮಲ್ಲಿಗೆಯ ಮಾತು. ವಿಜಯನಗರದ ಅರಮನೆಗೂ ಗುಡಿಗಳಿಗೂ ಇಲ್ಲಿಂದ ಹೂವು ಹೋಗುತ್ತಿದ್ದುದರಿಂದಲೇ ಊರಿಗೆ ಹೂವಿನಹಡಗಲಿಯೆಂಬ ಹೆಸರಾಯಿತೆಂದು ಪ್ರತೀತಿ. ಹಡಗಲಿ ಮಲ್ಲಿಗೆಗೆ ಸರ್ಕಾರದ ಭೌಗೋಳಿಕ ಸೂಚನೆಯ ಮಾನ್ಯತೆಯೂ ದೊರೆತಿದೆ. ಆದರೆ ನಸುಕಿನಲ್ಲಿ ಬಿಡಿಸಿದ ಮೊಗ್ಗು ಸಂಜೆಗೆ ಬಾಡುತ್ತದೆ. ಧಾರಣೆ ಬಿದ್ದ ದಿನ ಬಿಡಿಸಿದ ಕೂಲಿಯೂ ಹುಟ್ಟುವುದಿಲ್ಲ. ಹಾಗೆ ಧಾರಣೆ ಕುಸಿದಾಗಲೆಲ್ಲ ‘ಒಂದು ಸುಗಂಧದ್ರವ್ಯದ ಕಾರ್ಖಾನೆ ಬೇಕು’ ಎಂಬ ಮಾತು ಕೇಳಿಬರುತ್ತದೆ, ಮಳೆಗಾಲ ಬಂದೊಡನೆ ಮರೆತುಹೋಗುತ್ತದೆ.

ಮಲ್ಲಿಗೆಯ ಜಾತಿಯ ಹೂಗಳ ಪರಿಮಳದಲ್ಲಿ ಬಹು ದ್ರವ್ಯಗಳು ಕೂಡಿವೆ. ಬೆಂಜೈಲ್ ಅಸಿಟೇಟ್ ಅವುಗಳಲ್ಲಿ ಮುಖ್ಯವಾದುದು. ಅದನ್ನು ಬೆಂಜೈಲ್ ಆಲ್ಕೊಹಾಲು ಮತ್ತು ಅಸಿಟಿಕ್ ಆಮ್ಲಗಳಿಂದ ಯಾವ ಪದವಿ ಕಾಲೇಜಿನಲ್ಲಿಯಾದರೂ ತಯಾರಿಸಬಹುದು. ಇಂಡೋಲ್ ಎಂಬ ಇನ್ನೊಂದು ದ್ರವ್ಯ ಅತ್ಯಲ್ಪ ಪ್ರಮಾಣದಲ್ಲಿ ಹೂವಿನಲ್ಲಿದೆ. ಇದರ ಗುಣ ವಿಚಿತ್ರ: ದಟ್ಟವಾಗಿದ್ದರೆ ಮೂಗು ಮುಚ್ಚಿಕೊಳ್ಳುವಂಥ ಸಗಣಿಯ ವಾಸನೆ, ತೆಳುವಾದರೆ ಹೂವಿನ ಕಂಪು! ಬರಿಯ ಬೆಂಜೈಲ್ ಅಸಿಟೇಟಿನ ಅತ್ತರು ಅಗ್ಗದ ಸರಕೆಂದು ಕೂಡಲೇ ತಿಳಿದುಹೋಗುವುದು ಇಂಥ ಸೂಕ್ಷ್ಮ ದ್ರವ್ಯಗಳು ಅದರಲ್ಲಿ ಇಲ್ಲದಿರುವುದರಿಂದ. 1899ರಲ್ಲಿ ಮಲ್ಲಿಗೆಯ ತೈಲದಿಂದ ಜಾಸ್ಮೋನ್ ಎಂಬ ದ್ರವ್ಯ ಬೇರ್ಪಟ್ಟಿತು. 1933ರಲ್ಲಿ ರುಜಿಚ್ಕ ಮೊದಲಾದವರು ಅದರ ರಚನೆಯನ್ನು ಬಿಡಿಸಿದರು. 1962ರಲ್ಲಿ ಮೀಥೈಲ್ ಜಾಸ್ಮೊನೇಟ್ ದೊರೆಯಿತು. ಅದನ್ನು ಕೊಂಚ ಬದಲಿಸಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದು ತಯಾರಿಸಿದ ದ್ರವ್ಯವು 1966ರಲ್ಲಿ ಪ್ಯಾರಿಸಿನ ಅತ್ತರಿನಲ್ಲಿ ಸೇರಿ, ಇಂದಿಗೂ ಲೋಕದ ಅಸಂಖ್ಯ ಸುಗಂಧಗಳಲ್ಲಿ ಬಳಕೆಯಾಗುತ್ತಿದೆ. ಮಲ್ಲಿಗೆಯನ್ನು ಬೆಳೆದವರು ಒಂದು ಕಡೆ, ಮಲ್ಲಿಗೆಯನ್ನು ಓದಿದವರು ಇನ್ನೊಂದು ಕಡೆ. ಹಣ ಸೇರಿದುದು ಓದಿದವರ ಕಡೆಗೆ.

ಕಥೆ ಅತ್ತರಿನಲ್ಲಿಯೇ ಮುಗಿಯಲಿಲ್ಲ. 1990ರಲ್ಲಿ ಅಮೆರಿಕದ ಫಾರ್ಮರ್ ಮತ್ತು ರಯಾನ್ ಎಂಬ ವಿಜ್ಞಾನಿಗಳು, ಇದೇ ಮೀಥೈಲ್ ಜಾಸ್ಮೊನೇಟ್ ಗಾಳಿಯಲ್ಲಿ ಸುಳಿದರೆ ಟೊಮ್ಯಾಟೊ ಗಿಡವು ತನ್ನ ಎಲೆಯನ್ನು ತಿನ್ನುವ ಹುಳುವಿನ ಜೀರ್ಣಶಕ್ತಿಯನ್ನು ಕೆಡಿಸುವ ಪ್ರೋಟೀನುಗಳನ್ನು ತಯಾರಿಸಿಕೊಳ್ಳುತ್ತದೆಂದು ತೋರಿಸಿದರು. ಹೂವಿನಲ್ಲಿ ಕಂಪಾಗಿರುವ ಅಣುವೇ ಎಲೆಗಳ ನಡುವೆ ಎಚ್ಚರಿಕೆಯ ಕೂಗಾಗುತ್ತದೆ. ಔಷಧ ಸಿಂಪಡಿಸಿ ಸಾಲದ ಹೊರೆ ಹೊತ್ತ ಒಣಬೇಸಾಯದ ರೈತನಿಗೆ ಇಂಥ ಸಂಶೋಧನೆಯ ಫಲ ಎಂದಾದರೂ ತಲುಪಬೇಕಾದರೆ, ಆತನ ಬೆಳೆ, ಆತನ ಹುಳು, ಆತನ ಮಣ್ಣನ್ನು ಬಲ್ಲ ರಸಾಯನಜ್ಞರು ಆತನ ಮನೆಯಿಂದಲೇ ಹುಟ್ಟಿಬರಬೇಕು.

ಅವರು ಹುಟ್ಟಿಬರಲು ದಾರಿಯಿಲ್ಲವೆಂದಲ್ಲ. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಅಲ್ಲಿಯ ರಸಾಯನ ವಿಭಾಗದಲ್ಲಿ ಇಂಡೋಲ್ ಸಂಯುಕ್ತಗಳ ಸಂಶ್ಲೇಷಣೆಯ ಮೇಲೆ ಬಹುಕಾಲ ಕೆಲಸ ನಡೆದಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕೂಮರಿನ್, ಸಿಡ್ನೋನ್ ಸಂಯುಕ್ತಗಳ ಮೇಲೆ ನಡೆದಿದೆ. 2010ರಲ್ಲಿ ಬಳ್ಳಾರಿಗೇ ವಿಶ್ವವಿದ್ಯಾಲಯ ಬಂದಿತು. ಸಂವಿಧಾನದ 371(ಜೆ) ವಿಧಿಯ ಸವಲತ್ತೂ ಈ ಭಾಗಕ್ಕಿದೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಹರಪನಹಳ್ಳಿ ಆ ಸವಲತ್ತಿಗಾಗಿ ಹೋರಾಡಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರೊಡನೆ ವಿಜಯನಗರ ಜಿಲ್ಲೆಯನ್ನು ಸೇರಿತು. ಆದರೆ ಆ ವಿಧಿಯಿಂದ ಎಷ್ಟು ಮೆಡಿಕಲ್ ಸೀಟುಗಳು ಬಂದವೆಂಬ ಲೆಕ್ಕ ಎಲ್ಲರ ಬಾಯಲ್ಲಿದೆ. ಎಷ್ಟು ಮಂದಿ ಸಂಶೋಧನೆಗೆ ಹೋದರೆಂಬ ಲೆಕ್ಕವನ್ನು ಕೇಳಿದವರಿಲ್ಲ.

ಸಾವಯವ ರಸಾಯನದಲ್ಲಿ ಎಂ.ಎಸ್ಸಿ. ಮಾಡಿದವರು ಬೆಂಗಳೂರು, ಹೈದರಾಬಾದುಗಳ ಔಷಧ ಕಾರ್ಖಾನೆಗಳಲ್ಲಿ ಕೆಲಸ ಹಿಡಿಯುತ್ತಿರುವುದು ಸಂತೋಷದ ಸಂಗತಿಯೇ. ಮನೆಗೆ ಸಂಬಳ ಬರುತ್ತದೆ, ತಂಗಿಯ ಮದುವೆ ಆಗುತ್ತದೆ. ಅದನ್ನು ಹಗುರವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ. ಆದರೂ ಬೇರೆಯವರು ಬರೆದಿಟ್ಟ ಕ್ರಮವನ್ನು ರಾತ್ರಿಪಾಳಿಯಲ್ಲಿ ನಡೆಸುವುದು ಬೇರೆ, ಆ ಕ್ರಮವನ್ನು ಯೋಚಿಸಿ ಹುಟ್ಟಿಸುವುದು ಬೇರೆ. ಎರಡನೆಯದಕ್ಕೆ ಐದಾರು ವರ್ಷಗಳ ಹೆಚ್ಚಿನ ಓದು, ಅಷ್ಟು ಕಾಲ ಕಾಯಬಲ್ಲ ಕುಟುಂಬ, ಕಾಯಲು ಧೈರ್ಯ ಹೇಳುವ ಸಮಾಜ ಬೇಕು. ಅನ್ನ ಆಶ್ರಯ ಕೊಟ್ಟು ಓದಿಸುವುದರಲ್ಲಿ ಇಲ್ಲಿಯ ಮಠಗಳೂ ಸಂಘಸಂಸ್ಥೆಗಳೂ ಹಿಂದೆ ಬಿದ್ದಿಲ್ಲ. ಆ ಕೈ ಸಾಮಾನ್ಯವಾಗಿ ಪದವಿಯವರೆಗೆ ಬಂದು ನಿಲ್ಲುತ್ತದೆ. ಸಂಶೋಧನಾ ವಿದ್ಯಾರ್ಥಿಯೊಬ್ಬನಿಗೆ, ಅದರಲ್ಲಿಯೂ ಮದುವೆಯ ಮಾತಿಗೆ ಓದನ್ನು ಬಿಡಬೇಕಾಗಿ ಬರುವ ವಿದ್ಯಾರ್ಥಿನಿಯೊಬ್ಬಳಿಗೆ, ಆ ಮುಂದಿನ ಐದು ವರ್ಷಗಳಲ್ಲಿಯೇ ಆಸರೆ ಹೆಚ್ಚು ಬೇಕಾಗಿರುವುದು.

ಸಂಶ್ಲೇಷಿತ ದ್ರವ್ಯಗಳೆಲ್ಲ ವಿಷವೆಂಬ ಆಕ್ಷೇಪವೂ ಉಂಟು. 1984ರ ಭೋಪಾಲವನ್ನು, ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಮಕ್ಕಳನ್ನು ಕಾಡಿದ ಎಂಡೋಸಲ್ಫಾನನ್ನು ಯಾರೂ ಮರೆಯಲಾರರು, ಮರೆಯಲೂಬಾರದು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನನ್ನು ತಡೆಯಿತು. ಡಬ್ಬಿಯ ಮೇಲಿನ ಹೆಸರನ್ನು ಓದಿ ಅದರೊಳಗಿನ ಅಣು ಏನು ಮಾಡಬಲ್ಲುದೆಂದು ಹೇಳುವವರು ಆ ಹಳ್ಳಿಗಳಲ್ಲಿ ಎಷ್ಟು ಮಂದಿ ಇದ್ದರು? ಈ ಆಕ್ಷೇಪ ರಸಾಯನಶಾಸ್ತ್ರವನ್ನು ಕಲಿಯಬೇಕೆಂಬುದಕ್ಕೇ ಬಲವಾದ ಕಾರಣವಾಗುತ್ತದೆ.

ಎಲ್ಲಿಂದ ಆರಂಭಿಸಬೇಕೆಂಬುದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. ಎಸ್ಟರೀಕರಣದ ಪ್ರಯೋಗ ಹತ್ತನೆಯ ತರಗತಿಯ ಪಠ್ಯದಲ್ಲಿಯೇ ಇದೆ. ಬಹುತೇಕ ಶಾಲೆಗಳಲ್ಲಿ ಅದನ್ನು ಕಪ್ಪುಹಲಗೆಯ ಮೇಲೆ ಬರೆಸಿ, ಉತ್ತರಪತ್ರಿಕೆಯಲ್ಲಿ ಬರೆಯಿಸಿ ಮುಗಿಸಲಾಗುತ್ತದೆ. ಪ್ರನಾಳಗಳು ಬೀರುವಿನಲ್ಲಿ, ಬೀರುವಿನ ಬೀಗದಕೈ ಮುಖ್ಯೋಪಾಧ್ಯಾಯರ ಮೇಜಿನಲ್ಲಿ. ಬೀಗ ತೆಗೆದು, ಅಧ್ಯಾಪಕರೇ ಗಂಧಕಾಮ್ಲದ ನಾಲ್ಕು ಹನಿ ಹಾಕಿ, ಪ್ರನಾಳವನ್ನು ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಟ್ಟು, ಅನಂತರ ಸೋಡಾ ಬೆರೆತ ನೀರಿಗೆ ಸುರಿದರೆ ಕೋಣೆಯ ತುಂಬ ಕಂಪು ಹರಡುತ್ತದೆ. ಆಗ ಅದೇ ಬೆಳಗ್ಗೆ ತಂದ ಒಂದು ಹಿಡಿ ಹಡಗಲಿ ಮಲ್ಲಿಗೆಯನ್ನು ಮೇಜಿನ ಮೇಲಿಟ್ಟು, ಎರಡಕ್ಕೂ ಇರುವ ನಂಟನ್ನು ಕನ್ನಡದಲ್ಲಿಯೇ ಹೇಳಬೇಕು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿರುವ ಈ ಸೀಮೆಯ ಹಳೆಯ ವಿದ್ಯಾರ್ಥಿಯೊಬ್ಬರನ್ನು ವರ್ಷಕ್ಕೆ ಒಂದು ವಾರ ಕರೆಯಿಸಿ, ಉಪನ್ಯಾಸಕ್ಕೆ ಬದಲು ಪ್ರಯೋಗವನ್ನೇ ಮಾಡಿ ತೋರಿಸಲು ಕೇಳಿಕೊಳ್ಳುವುದು ಆಡಳಿತ ಮಂಡಳಿಗಳಿಗೆ ಅಸಾಧ್ಯವಾದ ಖರ್ಚೇನಲ್ಲ. ಬಸ್ಸಿನ ದರ, ಒಂದಿಷ್ಟು ಗಾಜಿನ ಸಾಮಾನು, ವಿದ್ಯಾರ್ಥಿನಿಲಯದಲ್ಲಿ ಊಟ ಇಷ್ಟೇ ಸಾಕು.